ಕಚ್ಚಿದ್ದಲ್ಲ, ಹಿಡಿದದ್ದು

ರತ್ನಾವತಿಯವರ ಹತ್ತಿರ ಮಾತಾಡಬೇಕಾದರೆ ಎಡಗಡೆ ನಿಲ್ಲಬೇಕಿತ್ತು. ಅವರ ಬಲಗಿವಿ ಪೂರ್ತಿ ಕೆಪ್ಪು. ಇದು ಗೊತ್ತಿಲ್ಲದ ಹೊಸ ಗಿರಾಕಿಗಳು ಬಲಗಡೆ ನಿಂತು ಬಂಗುಡೆ ಮೀನಿನ ಕ್ರಯ ಇಳಿಸಿ ಎಂದು ಕೇಳಿ ಕೇಳಿ ಸುಸ್ತಾಗಿ, ಕೊನೆಗೆ ಹೇಳಿದಷ್ಟನ್ನೇ ಕೊಟ್ಟು ಹೋಗುತ್ತಿದ್ದರು. ಗೊತ್ತಿದ್ದವರು ಎಡಗಡೆಗೆ ಬಂದರೆ ಅವರಿಗೂ ಹೆಚ್ಚಿನ ಲಾಭವೇನೂ ಇರಲಿಲ್ಲ. ಆ ಕಿವಿ ತನಗೆ ಬೇಕಾದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತಿತ್ತು.

ಕಾಪುವಿನ ಕಡಲ ಬದಿಯಲ್ಲಿ ಅವರ ಮನೆ. ಬೆಳಿಗ್ಗೆ ದೋಣಿ ದಡಕ್ಕೆ ಬಂದ ಕೂಡಲೇ ಮೀನು ಆರಿಸಿ, ಬುಟ್ಟಿ ತಲೆಗೇರಿಸಿ, ಮೂಡು ದಿಕ್ಕಿನ ಗುಡ್ಡೆಯ ದಾರಿ ಹಿಡಿದರೆ ಮತ್ತೆ ಮನೆ ಸೇರುವುದು ಮಧ್ಯಾಹ್ನದ ಗಂಜಿಗೆ. ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾರಿಗೆ ಯಾವ ಮೀನು ಆಗುವುದಿಲ್ಲ, ಯಾವ ಯಜಮಾನ ಹೆಂಡತಿಗೆ ತಿಳಿಯದ ಹಾಗೆ ಒಣಮೀನು ತರಿಸುತ್ತಾನೆ, ಎಲ್ಲ ಅವರಿಗೆ ಗೊತ್ತು. ಬಾಯಿ ಜೋರು. ಆದರೆ ಬೈದ ಮನೆಗೆ ಮರುದಿನ ಒಂದು ಹಿಡಿ ಬೂತಾಯಿ ಮೀನು ಹೆಚ್ಚು ಹಾಕಿ ಬರುವ ದುರಭ್ಯಾಸವೂ ಅವರಿಗಿತ್ತು.

ನಮ್ಮ ತುಳುವರಲ್ಲಿ ಹೆಂಡತಿಯ ತಾಯಿಗೆ ಮಾಮಿ ಎನ್ನುತ್ತೇವೆ. ನಾನು ರತ್ನಾವತಿಯವರನ್ನು ಮೊದಲ ಸಲ ಮಾಮಿ ಎಂದು ಕರೆದದ್ದು ಅರವತ್ತೊಂಬತ್ತನೇ ಇಸವಿಯಲ್ಲಿ. ಆ ದಿನಕ್ಕೆ ಬರಬೇಕಾದರೆ ಹಿಂದೆ ಹೋಗಿ ಒಂದು ನಾಯಿಯಿಂದ ಶುರುಮಾಡಬೇಕು. ಈ ಹಿಂದಿನ ಕಥೆ ನಾನು ಕಂಡದ್ದಲ್ಲ. ಮಾಮಿಯ ಅಣ್ಣ ಬೂಬಣ್ಣ ಹೇಳಿದ್ದು, ನರ್ಸು ಬೆನೆಡಿಕ್ಟಾ ಬಾಯಿ ತಿದ್ದಿದ್ದು, ಕೊನೆಗೆ ಮಾಮಿ ಇಬ್ಬರಿಗೂ ಬೈದು ಮತ್ತೊಮ್ಮೆ ತಿದ್ದಿದ್ದು.

ನಾಯಿಯ ಹೆಸರು ಟೈಗರ್. ಹೆಸರಿಗೆ ತಕ್ಕ ಒಂದು ಗುಣವೂ ಇಲ್ಲದ ಕೆಂಚು ಪ್ರಾಣಿ. ಆಗ ಆ ಮನೆಯಲ್ಲಿದ್ದದ್ದು ಮಾಮಿ, ಬೂಬಣ್ಣ ಮತ್ತು ಮಾಮಿಯ ಒಬ್ಬಳೇ ಮಗಳು, ನಾಲ್ಕು ವರ್ಷದ ಚಂಪಾ. ಚಂಪಾ ಹುಟ್ಟಿದ ವರ್ಷವೇ ದೋಣಿ ಮಗುಚಿ ಅವಳ ತಂದೆ ಕಡಲಿಗೆ ಹೋಗಿಯಾಗಿತ್ತು. ಹಾಗಾಗಿ ಮಾಮಿಗೆ ಲೋಕದಲ್ಲಿ ಉಳಿದದ್ದು ಎಂದರೆ ಆ ಮಗು. ಅದನ್ನು ಅವರು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿದವರಲ್ಲ. ಬುಟ್ಟಿ ಇಳಿಸಿದ ಕೂಡಲೇ ಕೈ ತೊಳೆಯುವ ಮೊದಲೇ ಮಗುವನ್ನು ಹುಡುಕುತ್ತಿದ್ದರಂತೆ, ಅಷ್ಟೇ.

ಬೇಸಿಗೆ ಬಂತೆಂದರೆ ಟೈಗರನ ಕಿವಿಯೊಳಗೆಲ್ಲ ರಕ್ತ ಹೀರುವ ಉಣುಗು. ಊಟವಾದ ಮೇಲೆ ಮಾಮಿ ಜಗಲಿಯಲ್ಲಿ ಕಾಲು ಚಾಚಿ ಕೂತು, ಅದರ ತಲೆಯನ್ನು ಮಡಿಲಿಗೆ ಎಳೆದುಕೊಂಡು, ಒಂದೊಂದೇ ಉಣುಗು ಕಿತ್ತು ಚಿಮಿಣಿ ಎಣ್ಣೆ ಹಾಕಿದ ತೆಂಗಿನ ಗೆರಟೆಗೆ ಬಿಡುವರು. ಗೆರಟೆ ದೂರವಿದ್ದರೆ ಎರಡು ಹೆಬ್ಬೆರಳಿನ ಉಗುರಿನ ನಡುವೆ ಚಟ್ಟೆಂದು ಒಡೆಯುವರು. ಚಂಪಾ ಪಕ್ಕದಲ್ಲೇ ಕೂತು ಅಮ್ಮ ಮಾಡಿದ ಹಾಗೇ ಮಾಡುವಳು. ಅದು ತಾಯಿ ಮಗಳ ದಿನದ ಆಟ. ನಾಯಿಗೂ ಸುಖ, ಮಗುವಿಗೂ ಖುಷಿ. ಅದರಲ್ಲಿ ಕೆಡುಕು ಉಂಟೆಂದು ಯಾರಿಗೆ ಹೊಳೆಯಬೇಕು?

ಐವತ್ತೈದರ ಬೇಸಿಗೆಯಲ್ಲಿ ಚಂಪಾಳಿಗೆ ಜ್ವರ ಬಂತು. ಮೊದಲು ಸೆಖೆಯ ಜ್ವರ ಎಂದುಕೊಂಡರು. ಕಷಾಯ ಕುಡಿಸಿದರು, ನೆತ್ತಿಗೆ ಎಣ್ಣೆ ಹಾಕಿದರು. ಜ್ವರ ಇಳಿಯಲಿಲ್ಲ. ಕೆಲವು ದಿನ ಕಳೆದು ಮಣಿಕಟ್ಟಿನಲ್ಲಿ, ಕಾಲಗಂಟಿನಲ್ಲಿ ಕೆಂಪು ಬೊಟ್ಟುಗಳು ಎದ್ದವು. ಮತ್ತೆ ಅಂಗೈ, ಅಂಗಾಲಿಗೂ ಬಂದವು. ಬೂಬಣ್ಣ ಬೊಟ್ಟು ನೋಡಿದವರೇ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದರು. ಅಮ್ಮ ಬಂದಿದ್ದಾಳೆ ಎಂದರು. ಕಾಪುವಿನವರಿಗೆ ಅಮ್ಮ ಎಂದರೆ ಮಾರಿಯಮ್ಮ. ಅವಳು ಮಕ್ಕಳ ಮೈಮೇಲೆ ಬೊಟ್ಟಾಗಿ ಬಂದರೆ ಮದ್ದು ಕೊಡುವ ಹಾಗಿಲ್ಲ, ಒಗ್ಗರಣೆಯ ಸದ್ದು ಕೇಳಿಸುವ ಹಾಗಿಲ್ಲ, ಕಹಿಬೇವಿನ ಸೊಪ್ಪು ಹಾಸಿ ಅವಳು ತಾನಾಗಿ ಹೋಗುವ ತನಕ ಕಾಯಬೇಕು.

ಮಾಮಿ ಒಂದು ದಿನ ಕಾದರು. ಬೇವಿನ ಸೊಪ್ಪಿನ ಮೇಲೆ ಮಗು ಕಣ್ಣು ತೆರೆಯದೆ ಮಲಗಿದ್ದನ್ನು ನೋಡಿ ನೋಡಿ ಅವರಿಗೆ ತಡೆಯಲಿಲ್ಲ. ಬೂಬಣ್ಣ ಬಾಗಿಲಿಗೆ ಅಡ್ಡ ನಿಂತರು. ಅಣ್ಣನೆಂದರೆ ನಮ್ಮಲ್ಲಿ ಮನೆಯ ಯಜಮಾನ. ಅವನ ಮಾತು ಮೀರುವುದು ಸಣ್ಣ ಸಂಗತಿಯಲ್ಲ.

"ಅಮ್ಮನಿಗೆ ಸಿಟ್ಟು ಬಂದರೆ ಎಂತ ಮಾಡುತ್ತೀ?" ಎಂದು ಕೇಳಿದರಂತೆ.

"ಅವಳಿಗೂ ಮಕ್ಕಳುಂಟಲ್ಲ ಅಣ್ಣ, ಊರಿಡೀ. ನನಗೆ ಇದೊಂದೇ ಇರುವುದು. ಅವಳಿಗೆ ಗೊತ್ತಾಗುತ್ತದೆ," ಎಂದು ಮಾಮಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟರು.

ಆಗ ಕಾಪು ಪೇಟೆಯಲ್ಲಿ ಡಾಕ್ಟರ್ ಮ್ಯಾಕ್ಸಿಮ್ ಎಂಬವರ ಶಾಪು ಇತ್ತು. ನಮ್ಮ ಕಡೆ ಡಾಕ್ಟರು ಕೂತುಕೊಳ್ಳುವ ಜಾಗಕ್ಕೂ ಶಾಪು ಎಂದೇ ಹೇಳುವುದು. ಅವರ ಹಿರಿಯರು ಕಲ್ಯಾಣಪುರದ ಕ್ರಿಶ್ಚಿಯನ್ನರು, ಆದರೆ ಅವರು ಬೆಳೆದದ್ದು, ಕಲಿತದ್ದು ಎಲ್ಲ ಬೊಂಬಾಯಿಯಲ್ಲಿ. ತುಳು ಬರುತ್ತಿರಲಿಲ್ಲ. ಕನ್ನಡವನ್ನು ಪುಸ್ತಕ ಇಟ್ಟು ಕಲಿತಿದ್ದರು. ಒಳ್ಳೆಯ ಮನುಷ್ಯ, ಸಮಾಧಾನದ ಕೈ. ಅವರ ನರ್ಸು ಬೆನೆಡಿಕ್ಟಾ ಬಾಯಿ ನಮ್ಮ ಉದ್ಯಾವರದವರು. ಅವರಿಗೆ ಕೊಂಕಣಿ, ತುಳು, ಕನ್ನಡ ಮೂರೂ ನೀರು ಕುಡಿದ ಹಾಗೆ. ದುರದೃಷ್ಟಕ್ಕೆ ಆ ದಿನ ಅವರು ಒಂದು ಹೆರಿಗೆಗೆ ಹೋಗಿದ್ದರು.

ಡಾಕ್ಟರು ಬೊಟ್ಟು ನೋಡಿದರು, ಕಣ್ಣು ನೋಡಿದರು, ಹೊಟ್ಟೆ ಒತ್ತಿದರು. ಆಮೇಲೆ ಅವರು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರು.

"ಮಗುವಿಗೆ ಏನಾದರೂ ಕಚ್ಚಿದೆಯೇ?"

ಮಾಮಿ ಬೆಚ್ಚಿ ಮಗುವನ್ನು ಹತ್ತಿರ ಎಳೆದುಕೊಂಡರು. ನಮ್ಮ ಕಡೆ ಕಚ್ಚಿತು ಎಂದು ಬರೇ ಅಷ್ಟೇ ಹೇಳಿದರೆ ಅರ್ಥ ಒಂದೇ, ಹಾವು. ಅದರ ಹೆಸರು ಹೇಳಬಾರದೆಂದೇ ಹಾಗೆ ಹೇಳುವುದು. "ಇಲ್ಲಪ್ಪ ಡಾಕ್ಟ್ರೇ, ಅಂಥದ್ದು ಎಂತದೂ ಆಗಲಿಲ್ಲ," ಎಂದರು. ಡಾಕ್ಟರು ಬಿಡದೆ, ಹುಳ ಏನಾದರೂ ಕಚ್ಚಿರಬಹುದೇ, ನೆನಪು ಮಾಡಿ, ಎಂದು ಮತ್ತೆ ಮತ್ತೆ ಕೇಳಿದರು. ಮಾಮಿಯ ಲೆಕ್ಕದಲ್ಲಿ ಉಣುಗು ಹುಳವೂ ಅಲ್ಲ, ಅದು ಕಚ್ಚುವುದೂ ಇಲ್ಲ. ಕೊನೆಗೆ ಅವರಿಗೆ ಸಿಟ್ಟೇ ಬಂತು. ತನ್ನ ಮನೆಯನ್ನು ಈ ಡಾಕ್ಟರು ಎಂತ ಹಾವಿನ ಹುತ್ತ ಎಂದುಕೊಂಡಿದ್ದಾರಾ ಎಂದು. ಇಲ್ಲವೆಂದರೆ ಇಲ್ಲ ಎಂದುಬಿಟ್ಟರು.

ಡಾಕ್ಟರು ಏನು ಮಾಡಬೇಕು? ಆ ಕಾಲಕ್ಕೆ ಪೆನಿಸಿಲಿನ್ ಎಂದರೆ ರಾಮಬಾಣ. ಸೂಜಿ ಚುಚ್ಚಿದರು. ಮರುದಿನವೂ ಚುಚ್ಚಿದರು. ಆ ಬಾಣ ಈ ಜ್ವರಕ್ಕೆ ತಾಗುವುದಿಲ್ಲ. ಮಗು ಇನ್ನಷ್ಟು ಬಾಡಿತು, ಹೆಸರು ಕರೆದರೆ ಓಗೊಡುವುದನ್ನೂ ನಿಲ್ಲಿಸಿತು. ಒಂದು ಶಬ್ದದ ಸಲುವಾಗಿ ಹೀಗೆ ದಿನಗಳು ಹೋದವು. ಯಾರದೂ ತಪ್ಪಲ್ಲ.

ಮೂರನೇ ಸೂಜಿಗೆ ಬಂದಾಗ ಬೆನೆಡಿಕ್ಟಾ ಬಾಯಿ ಶಾಪಿನಲ್ಲಿದ್ದರು. ಮಾಮಿ ಬೆಂಚಿನ ಮೇಲೆ ಕೂತಿದ್ದರು, ಮಡಿಲಲ್ಲಿ ಮಗು. ಬೇಸರಕ್ಕೋ ಹೆದರಿಕೆಗೋ ಅವರ ಬೆರಳುಗಳು ಅಭ್ಯಾಸದ ಪ್ರಕಾರ ಮಗುವಿನ ಕೂದಲೊಳಗೆ ಓಡಾಡುತ್ತಿದ್ದವು. ಕಿವಿಯ ಹಿಂದೆ ಒಂದು ಸಿಕ್ಕಿತು. ಕಿತ್ತರು. ಒಡೆಯಲು ಬೆಂಚಿನ ಅಂಚು ಹುಡುಕುತ್ತಿದ್ದಾಗ ಬೆನೆಡಿಕ್ಟಾ ಬಾಯಿಯ ಕಣ್ಣು ಅದರ ಮೇಲೆ ಬಿತ್ತು. ಎಂತ ಅದು ಎಂದು ಕೇಳಿದರು.

"ಉಣುಗು, ಬಾಯಮ್ಮ. ನಾಯಿಯದ್ದು."

"ಇದು ಕಚ್ಚಿದ್ದನ್ನು ಡಾಕ್ಟ್ರಿಗೆ ಯಾಕೆ ಹೇಳಲಿಲ್ಲ ರತ್ನಕ್ಕ?"

"ಕಚ್ಚಿದ್ದಲ್ಲ, ಹಿಡಿದದ್ದು. ಉಣುಗು ಕಚ್ಚುವುದು ಉಂಟಾ?"

ತುಳುವಿನಲ್ಲಿ ಅದು ಸರಿಯಾದ ಮಾತೇ. ಉಣುಗು ಹಿಡಿಯುತ್ತದೆ, ಬಿಡುವುದಿಲ್ಲ. ಹಾವು, ನಾಯಿ, ಚೇಳು ಕಚ್ಚಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಇದು ಸದ್ದಿಲ್ಲದೆ ಹಿಡಿದು ಕೂತಿರುತ್ತದೆ. ಬೆನೆಡಿಕ್ಟಾ ಬಾಯಿ ಓಡಿಹೋಗಿ ಡಾಕ್ಟರನ್ನು ಕರೆತಂದರು. ಡಾಕ್ಟರು ಕಿವಿಯ ಹಿಂದಿನ ಕೂದಲು ಸರಿಸಿದಾಗ ಅಲ್ಲಿ ಬೀಡಿಯಲ್ಲಿ ಸುಟ್ಟ ಹಾಗೆ ಒಂದು ಕಪ್ಪು ಹಕ್ಕಳೆ ಇತ್ತು, ಮೊದಲು ಹಿಡಿದ ಯಾವುದೋ ಉಣುಗಿನ ಗುರುತು. ಅವರಿಗೆ ಮೊದಲಿನಿಂದ ಇದ್ದ ಅನುಮಾನ ಇದೇ. ಹಣೆ ಹಣೆ ಬಡಿದುಕೊಂಡು, ಇನ್ನು ಮೇಲೆ ಹಿಡಿದದ್ದು ಉಂಟಾ ಎಂದೂ ಕೇಳುತ್ತೇನೆ ಎಂದರಂತೆ.

ಆಮೇಲೆ ಅವರು ಬಿಡಿಸಿ ಹೇಳಿದರು. ಉಣುಗಿನ ಹೊಟ್ಟೆಯೊಳಗೆ ಕಣ್ಣಿಗೆ ಕಾಣದ ರೋಗಾಣು ಇರುತ್ತದೆ. ಅದು ಹಿಡಿದ ಜಾಗದಿಂದಲೂ ಮೈಗೆ ಇಳಿಯುತ್ತದೆ, ಉಗುರಿನಲ್ಲಿ ಒಡೆದರೆ ಗಾಯದ ಮೂಲಕವೂ ಇಳಿಯುತ್ತದೆ. ಅದಕ್ಕೆ ಆಗುವ ಮದ್ದು ಎರಡೇ. ಒಂದು ಟೈಫಾಯ್ಡಿಗೆ ಕೊಡುವಂಥದ್ದು, ಅಪರೂಪಕ್ಕೆ ರಕ್ತವನ್ನೇ ಕೆಡಿಸುತ್ತದೆ ಎಂಬ ಹೆದರಿಕೆ ಇತ್ತು. ಇನ್ನೊಂದು ಟೆಟ್ರಾಸೈಕ್ಲಿನ್. ಹೊಸತು, ಒಳ್ಳೆಯದು, ಅದರಿಂದ ಮಕ್ಕಳಿಗೆ ಏನಾದರೂ ಆಗಬಹುದೆಂದು ಆಗ ಲೋಕದಲ್ಲಿ ಯಾರಿಗೂ ತಿಳಿದಿರಲಿಲ್ಲ. ಅದನ್ನೇ ಬರೆದುಕೊಟ್ಟರು. ಬರೆಯುತ್ತಾ ಬರೆಯುತ್ತಾ ಮಾಮಿಯ ಮುಖ ನೋಡಿದರು. ಕಣ್ಣು ಕೆಂಡದ ಹಾಗಿತ್ತು. ಕೈ ಹಿಡಿದು ನೋಡಿದರೆ ಮೈ ಸುಡುತ್ತಿತ್ತು, ಮುಂಗೈಯಲ್ಲಿ ಅದೇ ಬೊಟ್ಟುಗಳು. ತಾಯಿಗೂ ಅದೇ ಜ್ವರ. ಮಗುವಿನ ಗಡಿಬಿಡಿಯಲ್ಲಿ ಅವರು ತನ್ನದನ್ನು ಗಮನಿಸಿಯೇ ಇರಲಿಲ್ಲ.

ಮದ್ದು ಇಬ್ಬರಿಗೂ ಒಂದೇ, ಅಳತೆ ಬೇರೆ. ದೊಡ್ಡವರಿಗೆ ಇಡೀ ಕ್ಯಾಪ್ಸೂಲ್. ಮಗುವಿಗೆ ಕ್ಯಾಪ್ಸೂಲ್ ಬಿಡಿಸಿ, ತೂಕ ನೋಡಿ, ಪುಡಿಯನ್ನು ಪಾಲು ಮಾಡಿ ಪೊಟ್ಟಣ ಕಟ್ಟಬೇಕು. ಕಾಪುವಿನಲ್ಲಿ ಅದು ಸಿಕ್ಕದು. ಉಡುಪಿಯಿಂದ ತಂದವರು ಯಾರೆಂದುಕೊಂಡಿರಿ? ಬೂಬಣ್ಣನೇ. ತಂಗಿಯ ಹಿಂದೆಯೇ ಬಂದು ಶಾಪಿನ ಹೊರಗೆ ನಿಂತಿದ್ದರು. ಚೀಟಿ ಕೈಗೆ ಬಂದ ಕೂಡಲೇ ಬಸ್ಸು ಹಿಡಿದರು, ಆದರೆ ಅದಕ್ಕೆ ಮೊದಲು ಮಾರಿಗುಡಿಯ ದಿಕ್ಕಿಗೆ ತಿರುಗಿ ಒಂದು ಗಳಿಗೆ ನಿಂತರು. ಎಂತ ಹೇಳಿಕೊಂಡಿರಿ ಎಂದು ನಾನು ಒಮ್ಮೆ ಕೇಳಿದ್ದೆ. "ನೀನಲ್ಲವಾದರೆ ಬಚಾವು, ನೀನೇ ಹೌದಾದರೆ ಕ್ಷಮಿಸು, ಹೇಗೂ ಮದ್ದು ಮಾತ್ರ ತರುತ್ತೇನೆ ಎಂದೆ ಮಾಸ್ಟ್ರೇ," ಎಂದರು.

ಬೆನೆಡಿಕ್ಟಾ ಬಾಯಿ ಪೊಟ್ಟಣ ಕಟ್ಟಿ, ಬೆಲ್ಲದ ನೀರಿನಲ್ಲಿ ಹೇಗೆ ಕೊಡಬೇಕೆಂದು ತೋರಿಸಿಕೊಟ್ಟರು. ಮಾರನೆಯ ದಿನ ಕಳೆದು ಸಂಜೆ ಹೊತ್ತಿಗೆ ಚಂಪಾ ಕಣ್ಣು ಬಿಟ್ಟಳು. ಗಂಜಿ ಬೇಕು, ಒಣಮೀನಿನ ಚಟ್ನಿಯೂ ಬೇಕು ಎಂದಳು. ಬೂಬಣ್ಣ ಆಗ ಅಂಗಳಕ್ಕೆ ಹೋಗಿ ಯಾರಿಗೂ ಕಾಣದ ಹಾಗೆ ಅತ್ತರಂತೆ. ಅವರ ಪ್ರಕಾರ ಯಾರಿಗೂ ಕಾಣಲಿಲ್ಲ, ಕೇರಿಯವರೆಲ್ಲ ನೋಡಿದ್ದಾರೆ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲು ಮಾಮಿ ಬಿಡಬೇಕಲ್ಲ? ತನ್ನ ಪಾಲಿನ ಕ್ಯಾಪ್ಸೂಲುಗಳನ್ನು ಅವರು ನುಂಗಲೇ ಇಲ್ಲ. ಅಕ್ಕಿಯ ಮಡಕೆಯೊಳಗೆ ಬಚ್ಚಿಟ್ಟರು. ಬೆನೆಡಿಕ್ಟಾ ಬಾಯಿ ಕೇಳಿದರೆ ನುಂಗಿದೆ ಬಾಯಮ್ಮ ಎಂದು ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳಿದರು. ಮಗುವಿನ ಪೊಟ್ಟಣಗಳು ಮುಗಿದಾಗ ಡಾಕ್ಟರು ಇನ್ನು ಸಾಕು ಎಂದರು. ಮಾಮಿಗೆ ಸಾಕು ಎಂದು ಅನಿಸಲಿಲ್ಲ. ಜ್ವರ ಮತ್ತೆ ಬಂದರೆ? ಮಡಕೆಯಿಂದ ತೆಗೆದು, ತನ್ನ ಕ್ಯಾಪ್ಸೂಲ್ ಬಿಡಿಸಿ, ಕಣ್ಣಳತೆಯಲ್ಲಿ ಬೆಲ್ಲದ ನೀರಿಗೆ ಹಾಕಿ, ಮುಗಿಯುವ ತನಕ ಮಗುವಿಗೇ ಕುಡಿಸಿದರು. ಅಣ್ಣನಿಗೂ ಹೇಳಲಿಲ್ಲ.

ಇದನ್ನು ಕೇಳಿದವರು ತ್ಯಾಗ, ತಾಯಿಹೃದಯ ಎಂದೆಲ್ಲ ಶುರುಮಾಡುತ್ತಾರೆ. ನನಗೆ ಆ ಮಾತು ಆಗುವುದಿಲ್ಲ. ಮಾಡಿದ್ದು ಶುದ್ಧ ಪೆದ್ದುತನ. ಮಗುವಿಗೆ ಬೇಕಾದದ್ದು ಸಿಕ್ಕಿಯಾಗಿತ್ತು, ಹೆಚ್ಚಿನದ್ದು ಬೇಕಿರಲಿಲ್ಲ, ಬೇಕಾಗಿದ್ದದ್ದು ತಾಯಿಗೆ. ಅವರು ಸತ್ತುಹೋಗಿದ್ದರೆ ಆ ಮಗುವಿನ ಗತಿ ಏನು? ಇಷ್ಟು ಬೈದರೂ, ಆ ಬೆಲ್ಲದ ನೀರು ಕಲಕುವ ಕೈಯನ್ನು ನೆನೆದರೆ ಮುಂದೆ ಬೈಯಲು ಮನಸ್ಸಾಗುವುದಿಲ್ಲ. ಅದೂ ನಿಜವೇ.

ಮಾಮಿಯ ಜ್ವರ ಏರಿತು. ಚಾಪೆಯಲ್ಲಿ ಮಲಗಿದಲ್ಲೇ ಬಂಗುಡೆ ಮಾರಿದರು, ಇಲ್ಲದ ಗಿರಾಕಿಗಳ ಹತ್ತಿರ ಜಗಳವಾಡಿದರು. ಅದೇ ಮದ್ದು ಮಗಳಿಗೆ ತಾಗಿ ತಾಯಿಗೆ ಯಾಕೆ ತಾಗಲಿಲ್ಲ ಎಂದು ಡಾಕ್ಟರಿಗೆ ಅರ್ಥವಾಗಲಿಲ್ಲ. ಅವರೇ ಮನೆಗೆ ಬಂದರು. ಬೇರೆ ಕ್ಯಾಪ್ಸೂಲ್ ತರಿಸಿ ಬೆನೆಡಿಕ್ಟಾ ಬಾಯಿಯ ಕೈಯಿಂದಲೇ ಕೊಡಿಸಿದರು. ಆಗ ಜ್ವರ ಬಿಟ್ಟಿತು. ಬಿಟ್ಟು ಹೋಗುವಾಗ ಬಲಗಿವಿಯನ್ನು ಕೊಂಡುಹೋಯಿತು.

ಚಂಪಾಳ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗ ಅವುಗಳ ಬಣ್ಣ ಬೇರೆಯೇ ಇತ್ತು. ಒಸಡಿನ ಬದಿಯಲ್ಲಿ ಹಳದಿಗೂ ಕಂದಿಗೂ ನಡುವಿನ ಒಂದು ಅಗಲ ಪಟ್ಟಿ. ಮಾಮಿ ಉಪ್ಪು ಹಾಕಿ ತಿಕ್ಕಿಸಿದರು, ಇದ್ದಿಲು, ಮಾವಿನೆಲೆ ಎಲ್ಲ ಆಯಿತು. ಬಾವಿಯ ನೀರಿನಿಂದ ಎಂದು ಬೂಬಣ್ಣ ಹೇಳಿದರು, ಅದೇ ಬಾವಿಯ ನೀರು ಕುಡಿದ ಪಕ್ಕದ ಮನೆಯ ಮಕ್ಕಳ ಹಲ್ಲು ಬೆಳ್ಳಗಿದ್ದರೂ. ಶಾಲೆಯಲ್ಲಿ ಚಂಪಾಳಿಗೆ ಅಡ್ಡಹೆಸರಿಟ್ಟರು. ಅವಳು ಮೊದಲು ಸ್ಲೇಟು ಅಡ್ಡ ಹಿಡಿದು, ಮತ್ತೆ ಕೈ ಅಡ್ಡ ಹಿಡಿದು ನಗಲು ಕಲಿತಳು. ಆಮೇಲೆ ನಗುವುದನ್ನೇ ಬಿಟ್ಟಳು.

ಮಣಿಪಾಲದಲ್ಲಿ ಹಲ್ಲಿನ ಕಾಲೇಜು ಆದ ಮೇಲೆ ಡಾಕ್ಟರ್ ಮ್ಯಾಕ್ಸಿಮ್ ತಾಯಿ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋದರು. ಚಂಪಾಳನ್ನು ಕುರ್ಚಿಯಲ್ಲಿ ಕೂರಿಸಿ ನೋಡಿದ ಮೇಲೆ, ಅವಳು ಹೊರಗೆ ಹೋದಾಗ, ಅಲ್ಲಿನವರು ವಿಷಯ ಹೇಳಿದರು. ಇದು ರೋಗವಲ್ಲ, ಹಲ್ಲು ಗಟ್ಟಿಯೇ ಉಂಟು. ಟೆಟ್ರಾಸೈಕ್ಲಿನ್ ಮಕ್ಕಳ ಬೆಳೆಯುವ ಹಲ್ಲಿನೊಳಗೆ ಸೇರಿ ಹೀಗೆ ಬಣ್ಣ ಕಟ್ಟುತ್ತದೆ ಎಂದು ಈಗ ಗೊತ್ತಾಗಿದೆ, ತಿಕ್ಕಿದರೆ ಹೋಗದು. ಆದರೆ ಸ್ವಲ್ಪವೇ ಕೊಟ್ಟದ್ದಾದರೆ ಇಷ್ಟು ಗಾಢವಾಗುವುದು ಕಡಿಮೆ, ಎಂದು ಅನುಮಾನವನ್ನೂ ಹೇಳಿದರು. ಡಾಕ್ಟರ್ ಮ್ಯಾಕ್ಸಿಮ್ ಮಾಮಿಯ ಕಡೆ ತಿರುಗಿ ಏನೋ ಕೇಳಲು ಹೊರಟರು. ಮಾಮಿ ತನ್ನ ಬಲಗಿವಿಯನ್ನು ಅವರ ಕಡೆ ಮಾಡಿ ಕೂತರು.

ಬಸ್ಸಿನಲ್ಲಿ ಚಂಪಾ ಕೇಳಿದಾಗ, ಜ್ವರದ ಮದ್ದಿನಿಂದಂತೆ, ಹೋಗುವುದಿಲ್ಲವಂತೆ ಎಂದು ಅಷ್ಟೇ ಹೇಳಿದರು. ಆ ದಿನದಿಂದ ಮಾಮಿ ಮಗಳ ಮುಖ ನೋಡುವಾಗ ಕಣ್ಣುಗಳನ್ನು ನೋಡುತ್ತಿದ್ದರು, ಜಡೆಯನ್ನು ನೋಡುತ್ತಿದ್ದರು. ಬಾಯಿಯನ್ನು ನೋಡುತ್ತಿರಲಿಲ್ಲ.

ಚಂಪಾ ದೊಡ್ಡವಳಾದಳು. ಕಾರ್ಕಳದಿಂದ ಒಂದು ಸಂಬಂಧ ಬಂದು ಚಾ ಕುಡಿದು ಹೋಯಿತು, ಪಡುಬಿದ್ರಿಯಿಂದ ಬಂದದ್ದೂ ಹೋಯಿತು. ಹಲ್ಲಿಗೆ ಏನೋ ರೋಗ, ಹುಟ್ಟುವ ಮಕ್ಕಳಿಗೂ ಬರುತ್ತದೆ ಎಂದು ಯಾರೋ ಹಬ್ಬಿಸಿದ್ದರು. ಇನ್ನು ಯಾರ ಎದುರೂ ನಿಲ್ಲುವುದಿಲ್ಲ ಎಂದು ಚಂಪಾ ಹೇಳಿದಳಂತೆ. ಇದೊಂದು ಸಲ ಎಂದು ಬೂಬಣ್ಣ ಒಪ್ಪಿಸಿದರು. ಆ ಒಂದು ಸಲಕ್ಕೆ ಬಂದವನು ನಾನು, ಉದ್ಯಾವರದ ಶಾಲೆಯ ಮೇಷ್ಟ್ರು, ಜೊತೆಗೆ ನನ್ನನ್ನು ಸಾಕಿದ ದೊಡ್ಡಮ್ಮ.

ಚಾ ಬಂತು, ಅವಲಕ್ಕಿ ಬಂತು. ಚಂಪಾ ಒಳಬಾಗಿಲಿನ ಹತ್ತಿರ ತುಟಿ ಬಿಗಿದು ನಿಂತಿದ್ದಳು. ನನಗೆ ಅವಳ ಕಣ್ಣುಗಳು ಇಷ್ಟವಾದವು. ನಮ್ಮ ದೊಡ್ಡಮ್ಮನಿಗೆ ಗಾಳಿಸುದ್ದಿ ತಲುಪದೆ ಇರುತ್ತದಾ? ಅವಲಕ್ಕಿ ಜಗಿಯುತ್ತಾ, ಹುಡುಗಿ ಒಮ್ಮೆ ನಗಲಿ ನೋಡುವ ಎಂದರು. ಚಂಪಾಳ ಮುಖ ಸುಣ್ಣದ ಹಾಗಾಯಿತು. ಬೂಬಣ್ಣ ಗಡಿಬಿಡಿಯಲ್ಲಿ ಬಾವಿಯ ನೀರಿನ ಕಥೆ ಶುರುಮಾಡಿದರು.

ಗೋಡೆಗೆ ಒರಗಿ ಕೂತಿದ್ದ ರತ್ನಾವತಿಯವರು ಅಣ್ಣನನ್ನು ಕೈಯೆತ್ತಿ ತಡೆದರು.

"ಬಾವಿಯ ನೀರಲ್ಲ ಅಣ್ಣ. ರೋಗವೂ ಅಲ್ಲ. ಸಣ್ಣದಿರುವಾಗ ಇವಳನ್ನು ಉಣುಗು ಹಿಡಿದು ಜ್ವರ ಬಂದಿತ್ತು. ನನಗೂ ಬಂದಿತ್ತು. ಡಾಕ್ಟ್ರು ಇವಳ ಪಾಲಿನ ಮದ್ದು ಬೇರೆ, ನನ್ನ ಪಾಲಿನದ್ದು ಬೇರೆ ಕೊಟ್ಟಿದ್ದರು. ನಾನು ನನ್ನದನ್ನೂ ಇವಳಿಗೇ ಕುಡಿಸಿದೆ. ಹೆಚ್ಚು ಕೊಟ್ಟರೆ ಹೆಚ್ಚು ಒಳ್ಳೆಯದಾಗುತ್ತದೆ ಎಂದುಕೊಂಡೆ. ಆ ಬಣ್ಣ ನಾನು ಹಾಕಿದ್ದು. ಬೇಡ ಅಂತಾದರೆ ನನ್ನ ಮುಖ ನೋಡಿ ಬೇಡ ಹೇಳಿ. ಅವಳ ಬಾಯಿ ನೋಡಿ ಹೇಳಬೇಡಿ."

ಬೂಬಣ್ಣ ಇದನ್ನು ಕೇಳುತ್ತಿದ್ದದ್ದು ಮೊದಲ ಸಲ. ಚಂಪಾಳೂ ಅಷ್ಟೇ. ಅವಳು ಬಾಗಿಲು ಬಿಟ್ಟು ಬಂದು ತಾಯಿಯ ಪಕ್ಕದಲ್ಲಿ ಕುಸಿದು ಕೂತಳು. ಗಾಬರಿಯಲ್ಲಿ ಕೂತದ್ದು ಬಲಗಡೆ. ಆ ಕಿವಿಗೆ ಬಾಯಿಯಿಟ್ಟು ಕೇಳಿದಳು, "ಹಾಗಾದರೆ ಈ ಕಿವಿ ಹೋದದ್ದು ನನಗೋಸ್ಕರವಾ, ಅಮ್ಮ?"

ರತ್ನಾವತಿಯವರು ಎದುರಿನ ಅಂಗಳ ನೋಡುತ್ತಾ ಹಾಗೇ ಕೂತಿದ್ದರು. ಏನೂ ಕೇಳಿಸಿರಲಿಲ್ಲ. ಚಂಪಾ ಉತ್ತರಕ್ಕೆ ಕಾದಳು. ಎಷ್ಟೋ ವರ್ಷಗಳಿಂದ ಎಡಗಡೆಯೇ ನಿಂತು ಮಾತಾಡಿದವಳು, ಈ ಮಾತು ಕೇಳಲು ಹೋಗಿಹೋಗಿ ಕೆಪ್ಪುಗಿವಿಯನ್ನು ಹುಡುಕಿಕೊಂಡಿದ್ದಾಳೆ! ಅದು ಹೊಳೆದದ್ದೇ ಅವಳ ಅಳು ಎಲ್ಲೋ ತಪ್ಪಿ ನಗುವಾಗಿಬಿಟ್ಟಿತು. ತಾಯಿಯ ಹೆಗಲಿಗೆ ಹಣೆಯಿಟ್ಟು ನಕ್ಕಳು, ಮುಖವೆತ್ತಿ ನಕ್ಕಳು. ಕೈ ಬಾಯಿಗೆ ಹೋಗಲಿಲ್ಲ. ಆ ಪಟ್ಟಿಯಿದ್ದ ಹಲ್ಲುಗಳನ್ನೆಲ್ಲ ನಾನು ನೋಡಿದೆ, ದೊಡ್ಡಮ್ಮನೂ ನೋಡಿದರು. ನನಗೆ ಅಂದು ಅವುಗಳಷ್ಟು ಚೆಂದದ್ದು ಬೇರೊಂದು ಕಾಣಲಿಲ್ಲ, ಇಂದೂ ಕಾಣುವುದಿಲ್ಲ.

ಹೆಗಲು ನಡುಗುವುದು ಮಾತ್ರ ತಾಯಿಗೆ ತಿಳಿಯುತ್ತಿತ್ತು. ತಿರುಗಿ ನೋಡಲು ಅವರಿಗೆ ಧೈರ್ಯವಾಗಲಿಲ್ಲ. ಎದುರಿಗೆ ಕೂತಿದ್ದ ನನ್ನನ್ನೇ ಸಣ್ಣ ದನಿಯಲ್ಲಿ ಕೇಳಿದರು, "ಅಳುತ್ತಿದ್ದಾಳಾ ಮಾಸ್ಟ್ರೇ?"

ನಾನು ಎದ್ದು, ಚಾದ ಲೋಟ ಕೆಳಗಿಟ್ಟು, ಅವರ ಎಡಗಡೆಗೆ ಹೋಗಿ ಬಗ್ಗಿದೆ.

"ಇಲ್ಲ ಮಾಮಿ, ನಗುತ್ತಿದ್ದಾಳೆ."

ದೊಡ್ಡಮ್ಮ ನನ್ನ ಬಾಯಿಂದ ಬಂದ ಮಾಮಿ ಎಂಬ ಶಬ್ದ ಕೇಳಿ ಒಮ್ಮೆ ದುರುಗುಟ್ಟಿ ನೋಡಿದರು. ಮತ್ತೆ ಇನ್ನೊಂದು ಹಿಡಿ ಅವಲಕ್ಕಿ ಹಾಕಿಸಿಕೊಂಡರು. ಮಾಮಿ ಆಗ ತಿರುಗಿ ಮಗಳ ಬಾಯಿಯನ್ನು ನೋಡಿದರು.